ಹನ್ನೊಂದನೆಯ ಮನೆಯ ಗಾಜು

ನನ್ನ ಗಂಡ ನಾಬೋರ್ ಹನ್ನೊಂದು ಮನೆಗಳ ಕಿಟಕಿ ಗಾಜನ್ನು ಒಳಮುಖ ಹೊರಗಾಗಿ ಕೂರಿಸಿದ. ಹತ್ತು ಮನೆಯದನ್ನು ತಾನೇ ಬಿಚ್ಚಿ ತಿರುಗಿಸಿದ. ಹತ್ತನೆಯದು ಮುಗಿದ ದಿನ ಸತ್ತ. ಹನ್ನೊಂದನೆಯ ಮನೆ ನಮ್ಮದು. ಅದು ಹಾಗೇ ಉಳಿಯಿತು.

ಅದನ್ನು ತಿರುಗಿಸಲು ಬಿಡಬೇಕೋ ಬೇಡವೋ ಎಂದು ಮೂರು ತಿಂಗಳು ಒದ್ದಾಡಿದೆ. ಅವನ ಬಗ್ಗೆ ಏನು ಹೇಳಹೊರಟರೂ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ. ಆದರೂ ಮೊದಲಿನಿಂದ ಹೇಳುತ್ತೇನೆ.

ನಾಬೋರ್ ಹುಟ್ಟಿದ್ದು ಗಡಿಯ ಆಚೆ, ಇಮುರಿಸ್‌ನಲ್ಲಿ. ಅಪ್ಪ ಹಸಿ ಮಣ್ಣಿನ ಇಟ್ಟಿಗೆ ಹೊಡೆಯುತ್ತಿದ್ದ. ಮೊಳದಗಲದ ಗೋಡೆ, ಅಂಗೈಯಗಲದ ಕಿಟಕಿ, ಅಂಥ ಮನೆಗಳು. ಮಗ ಗಡಿ ದಾಟಿ ಈ ಬಿಸಿಲೂರು ಟೂಸಾನ್‌ಗೆ ಬಂದು ಗಾಜಿನ ಕೆಲಸಕ್ಕೆ ಸೇರಿದಾಗ ಅಪ್ಪನಿಗೆ ನಗು. "ಬಿಸಿಲು ಒಳಗೆ ಬರಬಾರದು ಅಂತ ನಾನು ಮುಚ್ಕೊಂಡ್ ಬಂದೆ. ನೀನು ತೆರ್ಕೊಂಡ್ ಹೋಗ್ತಿದೀಯ" ಎನ್ನುತ್ತಿದ್ದನಂತೆ. ಆ ಮಾತನ್ನು ನಾಬೋರ್ ಸಾಯುವವರೆಗೂ ಹೇಳಿಕೊಂಡು ನಗುತ್ತಿದ್ದ.

ನಾನು ಅವನನ್ನು ನೋಡಿದ್ದು ಹೆದ್ದಾರಿ ಪಕ್ಕದ ಒಂದು ಲಾಡ್ಜಿನಲ್ಲಿ. ನಾನು ಅಲ್ಲಿ ಕೋಣೆ ಗುಡಿಸುತ್ತಿದ್ದೆ. ಯಾರೋ ಕುಡಿದು ಕಿಟಕಿ ಒಡೆದಿದ್ದರು. ಹೊಸ ಗಾಜು ಹಾಕಲು ಇವನು ಬಂದ. ಹಾಕಿ ಆದ ಮೇಲೆ ನೆಲದ ಮೇಲೆ ಕೂತು, ಬ್ರೆಡ್ಡಿನ ತುಂಡನ್ನು ನೀರಿನಲ್ಲಿ ಅದ್ದಿ, ಕಣ್ಣಿಗೆ ಕಾಣದಂಥ ಚೂರುಗಳನ್ನು ಒತ್ತಿ ಒತ್ತಿ ತೆಗೆಯತೊಡಗಿದ. ನಾನು ಅಂಥದ್ದು ನೋಡಿರಲಿಲ್ಲ.

"ತಿನ್ನೋದನ್ನ ನೆಲಕ್ಕೆ ತಿನ್ನಿಸ್ತಿದೀಯಲ್ಲ, ಪಾಪ ಬರತ್ತೆ" ಅಂದೆ.

"ನೆಲ ಒರೆಸೋಳು ನೀನು. ನಿನ್ ಮಂಡಿಗೆ ಚುಚ್ಚಿದ್ರೆ ಆ ಪಾಪ ಯಾರಿಗೆ?" ಅಂದ.

ಮದುವೆಯಾಗಿ ಮೂವತ್ತೆಂಟು ವರ್ಷ ಬಾಳಿದೆವು. ಅವನು ನನ್ನನ್ನು ಮುದುಕಿ ಎಂದು ಕರೆಯಲು ಶುರುಮಾಡಿದಾಗ ನನಗೆ ಇಪ್ಪತ್ತಮೂರು. ನಮ್ಮಲ್ಲಿ ಗಂಡ ಹೆಂಡಿರು ಹಾಗೇ ಕರೆದುಕೊಳ್ಳುವುದು. ಒಬ್ಬಳೇ ಮಗಳು, ಇರಾಸೇಮಾ. ಅವಳಿಗೆ ಇಗರ್ಜಿಯಲ್ಲಿ ಹೆಸರಿಡುವಾಗ ಎತ್ತಿಕೊಂಡವನು ನಾಬೋರನ ಗೆಳೆಯ ಚಾನೊ. ಅಂದಿನಿಂದ ಅವನು ನಮಗೆ ಸಂಬಂಧಿಕನಾದ. ನಾನು ಅವನಿಗೆ ಕೊಮಾದ್ರೆ, ಅವನು ನಮಗೆ ಕೊಂಪಾದ್ರೆ, ನಾಬೋರನೂ ಅವನಿಗೆ ಕೊಂಪಾದ್ರೆ. ನಾಬೋರ್ ಮತ್ತು ಚಾನೊ ಸೇರಿ ಸಣ್ಣ ಗಾಜಿನಂಗಡಿ ಇಟ್ಟರು. ಅಂಗಡಿ ಅಂದರೆ ನಮ್ಮ ಹಿತ್ತಲು, ಒಂದು ತಗಡಿನ ಚಪ್ಪರ, ಒಂದು ಹಳೇ ಟ್ರಕ್ಕು.

ನನ್ನ ಕೆಲಸ ಗಾಜು ತೊಳೆಯುವುದು. ಸಂಬಳವಿಲ್ಲದ ಕೆಲಸ. ಅದರಲ್ಲಿ ಕೆಟ್ಟದ್ದು ಅಂಟು. ಗಾಜಿನ ಮೇಲೆ ಕಾರ್ಖಾನೆಯವರು ಚೀಟಿ ಅಂಟಿಸಿ ಕಳಿಸುತ್ತಾರೆ. ಬೇರೆ ಊರಿನಲ್ಲಾದರೆ ಅದನ್ನು ಯಾವಾಗ ಬೇಕಾದರೂ ಕೀಳಬಹುದು. ಇಲ್ಲಿ ಒಂದು ಮಧ್ಯಾಹ್ನ ಬಿಸಿಲಿಗೆ ಬಿದ್ದರೆ ಚೀಟಿ ಗಾಜಿಗೆ ಬೆಂದು ಹೋಗುತ್ತದೆ. ಆಮೇಲೆ ಬ್ಲೇಡಿನಿಂದ ಕೆರೆಯಬೇಕು. ಏಣಿ ಮೇಲೆ ನಿಂತು, ಬಿಸಿ ಗೋಡೆಗೆ ಮುಖ ಕೊಟ್ಟು, ಒಂದೊಂದು ಚೀಟಿಗೆ ಕಾಲು ಗಂಟೆ. ನನ್ನ ಬಲಗೈ ಹೆಬ್ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ.

ಈಗಿನ ಕಿಟಕಿಗೆ ಎರಡು ಗಾಜು, ನಡುವೆ ಬೆರಳಗಲ ಸಂದು. ಎರಡರಲ್ಲಿ ಒಂದು ಗಾಜಿಗೆ ಮಾತ್ರ ಸಂದಿನ ಕಡೆ ಒಂದು ಲೇಪ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಆ ಗಾಜು ಬೀದಿ ಕಡೆಗಿದ್ದರೆ ಬಿಸಿಲಿನ ಕಾವು ಅಲ್ಲೇ ನಿಲ್ಲುತ್ತದೆ. ಕೋಣೆ ಕಡೆಗಾದರೆ ಆ ಗಾಜೇ ಕಾದು ಮನೆಯೊಳಕ್ಕೆ ಕಾವು ಬಿಡುತ್ತದೆ. ನೋಡಲು ಎರಡೂ ಒಂದೇ. ಯಾವ ಮುಖ ಹೊರಗೆ ಎಂದು ತಿಳಿಯಲು ಇರುವುದು ಆ ಚೀಟಿ. ಚೀಟಿ ಇಲ್ಲದಿದ್ದರೆ ಇನ್ನೊಂದು ದಾರಿ, ಲೈಟರ್. ಗಾಜಿನ ಹತ್ತಿರ ಲೈಟರ್ ಹೊತ್ತಿಸಿ ಓರೆಯಾಗಿ ನೋಡಿದರೆ ಒಳಗೆ ಸಾಲಾಗಿ ನಾಲ್ಕು ಜ್ವಾಲೆ ಕಾಣುತ್ತವೆ. ಮೂರು ಒಂದೇ ಬಣ್ಣ, ಒಂದು ಬೇರೆ, ಸ್ವಲ್ಪ ನೇರಳೆ. ಕೋಣೆಯಲ್ಲಿ ನಿಂತು ನೋಡುವಾಗ ಮೂರನೆಯದು ನೇರಳೆಯಾಗಿದ್ದರೆ ಸರಿ. ಎರಡನೆಯದಾಗಿದ್ದರೆ ಗಾಜು ತಿರುಗಿದೆ.

ನಾಬೋರ್ ಒಂದೊಂದು ಗಾಜನ್ನೂ ಕೂರಿಸುವ ಮೊದಲು ಹಾಗೆ ನೋಡುತ್ತಿದ್ದ. ಚೀಟಿ ಇದ್ದರೂ ನೋಡುತ್ತಿದ್ದ. ಜೇಬಿನಲ್ಲಿ ಲೈಟರ್ ಇದ್ದೇ ಇರುತ್ತಿತ್ತು, ಯಾಕೆಂದರೆ ಸಿಗರೇಟು ಸೇದುತ್ತಿದ್ದ.

ಆ ವರ್ಷ ಈಸ್ಟರಿಗೆ ಮುಂಚಿನ ನಲವತ್ತು ದಿನದ ವ್ರತದಲ್ಲಿ ನಾನೇ ಅವನ ಸಿಗರೇಟು ಬಿಡಿಸಿದೆ. ವ್ರತದ ಮೊದಲ ದಿನ ಹಣೆಗೆ ಬೂದಿ ಹಚ್ಚಿಸಿಕೊಂಡು ಇಗರ್ಜಿಯಿಂದ ಹೊರಗೆ ಬರುವಾಗಲೇ ಕೈ ಚಾಚಿ, "ಪೊಟ್ಟಣ ಕೊಡು" ಅಂದೆ. ಕೊಟ್ಟ. "ಲೈಟರೂ ಕೊಡು." ಅದನ್ನೂ ಕೊಟ್ಟ.

"ಬೆಂಕಿ ಇಲ್ಲದ ಗಂಡಸು ಮಾಡ್ಬಿಟ್ಟೆ ಕಣೆ ನನ್ನ" ಅಂದ.

"ಇದ್ದಾಗ ಏನ್ ಕಡಿದು ಗುಡ್ಡೆ ಹಾಕಿದ್ದೆ?" ಅಂದೆ. ಮೆಟ್ಟಿಲ ಮೇಲಿದ್ದವರೆಲ್ಲ ನಕ್ಕರು.

ಈಸ್ಟರ್ ಕಳೆದ ಮೇಲೂ ಅವನು ಸಿಗರೇಟು ಮುಟ್ಟಲಿಲ್ಲ. ಆಗಲೇ ಆ ಹತ್ತು ಮನೆಗಳ ಕೆಲಸ ಬಂತು. ಎಲ್ಲಾ ನಮ್ಮ ಬೀದಿಯವೇ, ವಯಸ್ಸಾದವರ ಮನೆಗಳು. ಹಳೇ ಒಂಟಿ ಗಾಜಿನ ಕಿಟಕಿ ತೆಗೆದು ಹೊಸದು ಹಾಕಿಸಲು ಒಂದು ಕಚೇರಿಯವರು ದುಡ್ಡು ಕೊಟ್ಟರು. ಆ ಮನೆಗಳವರು ಇಪ್ಪತ್ತು ವರ್ಷದಿಂದ ಕಿಟಕಿಗೆ ಅಡುಗೆಯ ಅಲ್ಯೂಮಿನಿಯಂ ಹಾಳೆ ಅಂಟಿಸಿಕೊಂಡು, ಬೇಸಿಗೆಯಿಡೀ ಹಗಲಲ್ಲೇ ದೀಪ ಹಾಕಿಕೊಂಡು ಬದುಕಿದವರು. ಉಳಿದ ಗಾಜಿನಲ್ಲಿ ನಮ್ಮ ಮನೆಗೂ ಐದು ಕಿಟಕಿ ಮಾಡುತ್ತೇನೆ ಎಂದ ನಾಬೋರ್. ಹನ್ನೊಂದಾಯಿತು.

ದೋನ್ಯಾ ಅಂಪಾರೊ ಎಂಬ ಮುದುಕಿಗೆ ಎಂಬತ್ತೆಂಟು ವಯಸ್ಸು. ನಮ್ಮಲ್ಲಿ ಹಿರಿಯ ಹೆಂಗಸರಿಗೆ ದೋನ್ಯಾ, ಗಂಡಸರಿಗೆ ದೋನ್ ಎನ್ನುವುದು. ಅವಳ ಕಿಟಕಿಯ ಹಾಳೆಯನ್ನು ನಾಬೋರ್ ತಾನೇ ಕಿತ್ತು, ಉಂಡೆ ಮಾಡಿ, ಟ್ರಕ್ಕಿಗೆ ಎಸೆದ. "ಇನ್ಮೇಲೆ ಇದು ಬೇಡ ದೋನ್ಯಾ. ನಿಮ್ಮ ನಿಂಬೆಗಿಡ ನೋಡ್ಕೊಂಡು ಕೂತ್ಕೊಳ್ಳಿ" ಅಂದ.

"ಗಿಡ ಇನ್ನೂ ಇದೆಯೇನೋ?" ಅಂದಳು ಅವಳು.

ಗಾಜು ಬಂದ ದಿನ ಗಂಡಸರು ಹಳೇ ಕಿಟಕಿ ಕೀಳಲು ಹೋಗಿದ್ದರು. ಹಿತ್ತಲಿನ ಪೂರ್ವದ ಗೋಡೆಗೆ ಗಾಜುಗಳನ್ನು ಒರಗಿಸಿದ್ದರು, ಚೀಟಿ ಇರುವ ಮುಖ ಎದುರಿಗೆ. ಅದು ನಾಬೋರನ ಪದ್ಧತಿ. ಗೋಡೆಗೆ ಒರಗಿಸಿದ ಗಾಜಿನಲ್ಲಿ ಎದುರಿಗೆ ಕಾಣುವುದು ಯಾವಾಗಲೂ ಹೊರಮುಖ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಬಿಸಿಲು ಆ ಗೋಡೆಗೆ ತಿರುಗಿತು. ನಾನು ಚೀಟಿಗಳನ್ನು ನೋಡಿದೆ. ಐವತ್ತಕ್ಕೂ ಮೇಲೆ. ಎಲ್ಲಾ ಬೇಯುತ್ತವೆ, ಎಲ್ಲಾ ನಾನೇ ಕೆರೆಯಬೇಕು. ಮಗಳು ಇರಾಸೇಮಾ ಊಟಕ್ಕೆ ಬಂದಿದ್ದಳು. ಅವಳನ್ನು ಕರೆದೆ. ಒಂದೊಂದೇ ಚೀಟಿ ಕಿತ್ತು, ಒರೆಸಿ, ಅವಳೊಂದು ತುದಿ ನಾನೊಂದು ತುದಿ ಹಿಡಿದು, ಪಕ್ಕಪಕ್ಕಕ್ಕೆ ಹೆಜ್ಜೆ ಹಾಕಿ ಎದುರಿನ ನೆರಳಿನ ಗೋಡೆಗೆ ಒರಗಿಸಿದೆವು. ಈ ಗೋಡೆಯಲ್ಲಿ ಎದುರಿಗಿದ್ದ ಮುಖ ಆ ಗೋಡೆಯಲ್ಲಿ ಹಿಂದಕ್ಕೆ ಹೋಯಿತು. ನಮಗೆ ಹೊಳೆಯಲೇ ಇಲ್ಲ. ನಾಬೋರ್ ಎದುರಿಗೆ ಕಂಡ ಮುಖವನ್ನೇ ಹೊರಗೆ ಮಾಡಿ ಕೂರಿಸಿದ, ಹೊತ್ತಿಸಿ ನೋಡಲು ಜೇಬಿನಲ್ಲಿ ಲೈಟರ್ ಇರಲಿಲ್ಲ.

ಕಿತ್ತ ಚೀಟಿಗಳನ್ನು ಒಂದು ರಟ್ಟಿಗೆ ಸಾಲಾಗಿ ಅಂಟಿಸಿಟ್ಟೆ. ಕಚೇರಿಯವರು ಲೆಕ್ಕಕ್ಕೆ ಕೇಳುತ್ತಾರೆಂದು ಗೊತ್ತಿತ್ತು. ಪರೀಕ್ಷೆಗೆ ಬಂದವನು ಆ ರಟ್ಟು ನೋಡಿ, "ಇಷ್ಟು ಅಚ್ಚುಕಟ್ಟಾಗಿ ಯಾರೂ ಇಟ್ಟಿದ್ದು ನಾನು ನೋಡಿಲ್ಲಮ್ಮ" ಅಂದ. ಕಿಟಕಿ ಮುಟ್ಟಲಿಲ್ಲ. ಚೀಟಿ ಎಣಿಸಿ ಹೋದ. ನಾನು ಎರಡು ದಿನ ಹಿಗ್ಗಿದೆ.

ಪ್ರತಿ ಚೀಟಿಯ ಮೇಲೂ ಎರಡು ಭಾಷೆಯಲ್ಲಿ ಬರೆದಿತ್ತು, ಈ ಮುಖ ಹೊರಗೆ ಎಂದು. ನನಗೆ ಓದಲು ಬರುತ್ತದೆ. ನಾಲ್ಕನೆಯ ತರಗತಿವರೆಗೆ ಹೋಗಿದ್ದೇನೆ. ಓದಲಿಲ್ಲ.

ಜುಲೈ ಬಂತು. ಜುಲೈನಲ್ಲಿ ಮಳೆ ಮೋಡ ಬರುತ್ತದೆ, ಗಾಳಿ ತೇವವಾಗುತ್ತದೆ, ಮಾಳಿಗೆ ಮೇಲಿನ ಕೂಲರ್ ಬರೀ ಸದ್ದು ಮಾಡುತ್ತದೆ. ಆಗ ಗೋಡೆ ಕಿಟಕಿಗಳೇ ಗತಿ. ನಮ್ಮ ಅಡುಗೆಮನೆ ಕಿಟಕಿ ಪಶ್ಚಿಮಕ್ಕೆ. ನಾಲ್ಕು ಗಂಟೆಗೆ ಅದರ ಮುಂದೆ ನಿಂತು ಹಿಟ್ಟು ನಾದಿದರೆ ಕೆನ್ನೆ ಚುರುಚುರು ಎನ್ನುತ್ತಿತ್ತು.

ಅದಕ್ಕಾಗಿ ನಾನು ಅವನನ್ನು ಹಂಗಿಸಿದೆ. ದಿನಾ ಹಂಗಿಸಿದೆ.

ಆಗಸ್ಟಿನ ಒಂದು ಭಾನುವಾರ ಚಾನೊ ಮತ್ತು ಅವನ ಹೆಂಡತಿ ಊಟಕ್ಕೆ ಬಂದಿದ್ದರು. ನಾನು ಹಂಚಿನ ಮೇಲಿನ ಗೋಧಿ ರೊಟ್ಟಿ ಬಿಟ್ಟು, ಒಂದು ಹಸಿ ರೊಟ್ಟಿ ಎತ್ತಿ ಕಿಟಕಿ ಗಾಜಿಗೆ ಪಟ್ಟನೆ ಬಡಿದೆ. ಅದು ಅಂಟಿ ನಿಂತಿತು.

"ನೋಡಿ ಕೊಂಪಾದ್ರೆ, ನನ್ ಗಂಡ ನಂಗೆ ಹೊಸ ಹಂಚು ತಂದ್ಕೊಟ್ಟಿದಾನೆ. ಗ್ಯಾಸ್ ಉಳೀತು" ಅಂದೆ.

ಚಾನೊನ ಹೆಂಡತಿ ಬಿದ್ದು ಬಿದ್ದು ನಕ್ಕಳು. ನಾಬೋರ್ ಕೂಡ ನಕ್ಕ. "ತಿರುವಿ ಹಾಕೆ, ಆ ಕಡೆ ಸೀದೀತು" ಅಂದ. ಚಾನೊ ಮಾತ್ರ ತಟ್ಟೆ ನೋಡಿಕೊಂಡು ಕೂತಿದ್ದ. ಇವನಿಗೆ ಹುಷಾರಿಲ್ಲವೇನೋ ಅಂದುಕೊಂಡೆ.

ಗಾಜು ತಿರುಗಿದೆ ಎಂದು ನಾಬೋರ್, ಚಾನೊ ಇಬ್ಬರಿಗೂ ಆಗಲೇ ಗೊತ್ತಾಗಿತ್ತು. ಅದಕ್ಕೆ ಒಂದು ವಾರ ಮುಂಚೆ ದೋನ್ಯಾ ಅಂಪಾರೊ ನಾಬೋರನನ್ನು ಕರೆಸಿದ್ದಳು. ಬಯ್ಯಲು ಅಲ್ಲ. ಮೆತ್ತಗೆ, "ಮಗಾ, ಒಳಗಿನ ಗಾಜು ಕೈ ಸುಡತ್ತೆ. ಹಾಳೆ ಮತ್ತೆ ಅಂಟಿಸ್ಲಾ? ನಿಂಗೆ ಬೇಜಾರಾಗತ್ತೇನೋ ಅಂತ ಕೇಳ್ದೆ" ಅಂದಳಂತೆ. ಅವನು ಹೊರಗೆ ಬಂದು ಮೂಲೆಯಂಗಡಿಯಲ್ಲಿ ಒಂದು ಲೈಟರ್ ಕೊಂಡು, ವಾಪಸು ಹೋಗಿ ಹೊತ್ತಿಸಿ ನೋಡಿದ. ಎರಡನೆಯ ಜ್ವಾಲೆ ನೇರಳೆ. ಆ ಮನೆಯ ಎಲ್ಲಾ ಕಿಟಕಿ ನೋಡಿದ. ಪಕ್ಕದ ಮನೆಗೆ ಹೋದ. ಕತ್ತಲಾಗುವ ಮೊದಲು ಹತ್ತೂ ಮನೆ ನೋಡಿ ಮುಗಿಸಿದ.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನನಗೆ ಕಂಡದ್ದು ಇಷ್ಟು. ಅವನ ಅಂಗಿ ತೊಳೆಯಲು ತೆಗೆದರೆ ಜೇಬಿನಲ್ಲಿ ಹಳದಿ ಲೈಟರ್.

"ಇದೇನಿದು?" ಅಂದೆ.

ಅವನು ಲೈಟರ್ ನೋಡಿದ, ನನ್ನನ್ನು ನೋಡಿದ. "ಸಿಕ್ಕಿಬಿದ್ದೆ" ಅಂದ.

"ದೇವರ ಮುಂದೆ ಬಿಟ್ಟಿದ್ದಲ್ಲವಾ?"

"ದಿನಕ್ಕೆ ಒಂದೇ, ಮುದ್ಕಿ."

"ಸುಳ್ಳ. ನನ್ ಹತ್ರ ಮಾತಾಡ್ಬೇಡ."

ಮೂರು ದಿನ ನಾನು ಮಾತಾಡಲಿಲ್ಲ. ಅವನ ಬಾಯಲ್ಲಿ ವಾಸನೆ ಇರಲಿಲ್ಲ. ಬೆರಳಿಗೆ ಹಳದಿ ಬಣ್ಣ ಇರಲಿಲ್ಲ. ಮೂವತ್ತೆಂಟು ವರ್ಷ ಪಕ್ಕದಲ್ಲಿ ಮಲಗಿದವಳಿಗೆ ಅಷ್ಟು ತಿಳಿಯಬೇಕಿತ್ತು.

ಶನಿವಾರ ಭಾನುವಾರ, ಕೆಲವು ದಿನ ಸಂಜೆಯೂ, ಅವನು ಹೊರಗೆ ಹೋಗತೊಡಗಿದ. ಕೇಳಿದರೆ "ಒಂಚೂರು ರಿಪೇರಿ ಇದೆ" ಎನ್ನುತ್ತಿದ್ದ. ಸಿಗರೇಟಿಗೆ ಹೋಗುತ್ತಾನೆ ಎಂದು ನಾನು ತಿಳಿದೆ. ಅವನು ಹೋಗುತ್ತಿದ್ದುದು ಗಾಜು ತಿರುಗಿಸಲು. ಗಾಜು ಹಿಡಿದಿಡುವ ಪಟ್ಟಿಗಳನ್ನು ಮೊಂಡು ಚಾಕುವಿನಿಂದ ಎಬ್ಬಿಸಿ, ಬೆಂದ ಟೇಪಿಗೆ ಸೋಪಿನ ನೀರು ಎರೆದು ಕತ್ತರಿಸಿ, ಗಾಜಿಗೆ ಕಚ್ಚಿಕೊಳ್ಳುವ ರಬ್ಬರ್ ಹಿಡಿಯಿಂದ ಗಾಜು ಎತ್ತಿ, ತಿರುಗಿಸಿ, ಮತ್ತೆ ಕೂರಿಸಬೇಕು. ಒಂದು ಮನೆಗೆ ಒಂದು ದಿನ ಪೂರ್ತಿ. ಮೊದಲ ಎರಡು ಮನೆಗೆ ಚಾನೊ ಜೊತೆಗೆ ಹೋದ. ಆಮೇಲೆ ಸೊಂಟ ಹಿಡಿದುಕೊಂಡು, "ಅಕ್ಟೋಬರ್ ಬರ್ಲಿ ಕೊಂಪಾದ್ರೆ, ಬಿಸಿಲು ಇಳೀಲಿ" ಅಂದನಂತೆ.

"ಅಕ್ಟೋಬರಲ್ಲಿ ತಿರುಗಿಸಿ ಏನು ಬಂತು? ಆಗ ಯಾರಿಗೆ ಬೇಕು?" ಅಂದನಂತೆ ನಾಬೋರ್. ಒಬ್ಬನೇ ಹೋಗುತ್ತಿದ್ದ.

ಆಗಸ್ಟಿನ ಕೊನೆಯಲ್ಲಿ ನಾನು ಒಂದು ದಿನ ನೊಗಾಲೆಸ್‌ನಲ್ಲಿರುವ ತಂಗಿಯ ಮನೆಗೆ ಹೋಗಿ ಐದು ಗಂಟೆಗೆ ಬಂದೆ. ಅಡುಗೆಮನೆ ನೆಲವೆಲ್ಲ ಒದ್ದೆ. ಅವನು ಕುರ್ಚಿ ಮೇಲೆ ಕೂತಿದ್ದ, ಬನಿಯನ್ ಮೈಗೆ ಅಂಟಿತ್ತು.

"ಏನಿದು ಕೆರೆ?" ಅಂದೆ.

"ಕಾಫಿ ಚೆಲ್ತು. ಒರೆಸ್ದೆ."

"ಒಂದ್ ಲೋಟ ಕಾಫಿಗೆ ಅರ್ಧ ಟ್ಯಾಂಕ್ ನೀರಾ? ನೀರು ನಿಮ್ಮಪ್ಪ ಬಿಡ್ತಾನಾ?"

ನಾನು ಒಲೆ ಹಚ್ಚಿದೆ. ಹುರುಳಿ ಬಿಸಿಗಿಟ್ಟೆ. ಅವನು ಕೂತೇ ಇದ್ದ, ನನ್ನನ್ನೇ ನೋಡುತ್ತಾ.

"ಹೇಗಿದೆ ಮುದ್ಕಿ, ಅಡುಗೆಮನೆ?"

"ಹೇಗಿರತ್ತೆ? ಇದ್ದಹಾಗಿದೆ."

"ಬಿಸಿನಾ?"

"ಇವತ್ತು ಅಷ್ಟಿಲ್ಲ."

"ಯಾಕಿರಬಹುದು?"

"ಮೋಡ ಬಂದಿರತ್ತೆ. ಇನ್ಯಾಕೆ?"

"ಹೂಂ, ಮೋಡ" ಅಂದ. ಸ್ವಲ್ಪ ನಕ್ಕ. ಎದ್ದು ಸ್ನಾನಕ್ಕೆ ಹೋದ.

ಸೆಪ್ಟೆಂಬರಿನ ಮೊದಲ ಶನಿವಾರ ನಸುಕಿಗೇ ಹತ್ತನೆಯ ಮನೆಗೆ ಹೋದ. ದೋನ್ ತಿಬುರ್ಸಿಯೊ ಎಂಬ ಮುದುಕನ ಮನೆ. ಮೊದಲು ರೈಲ್ವೆಯಲ್ಲಿದ್ದವನು, ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಚಾನೊನ ಮೊಮ್ಮಗಳ ಹದಿನೈದನೆಯ ಹುಟ್ಟುಹಬ್ಬ ಅಂದೇ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಅದು ಮದುವೆಯಷ್ಟೇ ದೊಡ್ಡ, ಕುಣಿತದ ಹಬ್ಬ. ನಾವೂ ಸಂಜೆಗೆ ಹೋಗಬೇಕಿತ್ತು. ಅವನ ಬಿಳಿ ಅಂಗಿ ಇಸ್ತ್ರಿ ಮಾಡಿ ಬಾಗಿಲಿಗೆ ನೇತುಹಾಕಿದ್ದೆ. ಒಂದೂವರೆಯಾದರೂ ಊಟಕ್ಕೆ ಬರಲಿಲ್ಲ. ನಾನೇ ರೊಟ್ಟಿ ಸುತ್ತಿಕೊಂಡು ಹೋದೆ.

ಪಶ್ಚಿಮದ ಗೋಡೆಗೆ ಒರಗಿ ಕೂತಿದ್ದ. ಸೂರಿನ ನೆರಳು ಒಂದು ಗೇಣು ಉಳಿದಿತ್ತು. ಮುಖ ಕೆಂಪಗೆ, ಒಣಗಿ, ಬೆವರೇ ಇಲ್ಲ. ಕೈಯಲ್ಲಿ ಲೈಟರ್ ಹಿಡಿದಿದ್ದ.

ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅದು. "ಇಲ್ಲಿ ಕೂತು ಸೇದ್ತಿದೀಯಾ? ಮನೇಲಿ ಊಟ ಆರಿ ಹೋಗ್ತಿದೆ" ಅಂದೆ.

ಅವನು ತಲೆ ಎತ್ತಿ, "ನೀರು" ಅಂದ.

ನಾನು ನೀರು ತಂದಿರಲಿಲ್ಲ. ಒಳಗೆ ಓಡಿದೆ. ದೋನ್ ತಿಬುರ್ಸಿಯೊಗೆ ನಾನು ಕೂಗಿದ್ದು ಕೇಳಲಿಲ್ಲ. ಅಡುಗೆಮನೆ ಎಲ್ಲಿ, ಲೋಟ ಎಲ್ಲಿ ಎಂದು ಹುಡುಕಿ ತರುವಷ್ಟರಲ್ಲಿ ಅವನು ಪಕ್ಕಕ್ಕೆ ವಾಲಿದ್ದ. ಬಾಯಿಗೆ ಬಿಟ್ಟ ನೀರು ಕತ್ತಿಗೆ ಹರಿಯಿತು. ಆಂಬುಲೆನ್ಸ್ ಬಂತು. ಸಂಜೆ ಆರಕ್ಕೆ ಡಾಕ್ಟರು ಹೊರಗೆ ಬಂದು, ಬಿಸಿಲು, ಆಮೇಲೆ ಎದೆ, ಎಂದರು. ಅರವತ್ತಮೂರು ವಯಸ್ಸು.

ಒಂದು ಚೀಲ ಕೊಟ್ಟರು. ಬೂಟು, ಬೆಲ್ಟು, ಅಳತೆಪಟ್ಟಿ, ಲೈಟರ್. ಸಿಗರೇಟಿನ ಪೊಟ್ಟಣ ಇರಲಿಲ್ಲ. ಲೈಟರನ್ನು ಎಸೆಯಲು ಹೋಗಿ, ಆಗದೆ, ಮೇಜಿನ ಖಾನೆಗೆ ಹಾಕಿದೆ. ಸತ್ತವನ ಮೇಲೂ ನನಗೆ ಅದೊಂದು ಸಿಟ್ಟು ಉಳಿದಿತ್ತು.

ಒಂಬತ್ತು ದಿನ ಮನೆಯಲ್ಲಿ ಜಪಮಾಲೆ ನಡೆಯಿತು. ಬೀದಿಯ ಮುದುಕ ಮುದುಕಿಯರೆಲ್ಲ ದಿನಾ ಬಂದರು. ಕೊನೆಯ ದಿನ ದೋನ್ಯಾ ಅಂಪಾರೊ ನನ್ನ ಕೈ ಹಿಡಿದುಕೊಂಡು, "ಟೆಂಚಾ, ಎಂಥಾ ಗಂಡ ನಿಂದು. ತಪ್ಪಾಯ್ತು ಅಂತ ನನ್ ಎದುರಿಗೆ ಟೋಪಿ ತೆಗೆದ. ತಿರುಗಿಸಿ ಆದ್ಮೇಲೆ ಬೆಂಕಿ ಹಿಡಿದು ತೋರಿಸ್ದ. ಮೂರನೇದು ನೇರಳೆ, ನೋಡಿ ದೋನ್ಯಾ ಅಂದ. ನನ್ ಕಣ್ಣಿಗೆ ಎಲ್ಲಿ ಕಾಣ್ಬೇಕು? ಕಾಣ್ತು ಅಂದೆ. ಖುಷಿಯಾಗಿ ಹೋದ" ಅಂದಳು.

"ಏನು ತಿರುಗಿಸಿದ್ದು?" ಅಂದೆ.

ಅವಳು ಹೇಳಿದಳು.

ಎಲ್ಲರೂ ಹೋದ ಮೇಲೆ ಖಾನೆಯಿಂದ ಲೈಟರ್ ತೆಗೆದೆ. ಮಲಗುವ ಕೋಣೆಯ ಕಿಟಕಿಗೆ ಹಿಡಿದೆ. ನಾಲ್ಕು ಜ್ವಾಲೆ. ಎರಡನೆಯದು ನೇರಳೆ. ಬೇರೆ ಕಿಟಕಿಗೆ ಹಿಡಿಯಲು ಕೈ ಬರಲಿಲ್ಲ.

ಮರುದಿನ ಚಾನೊನನ್ನು ಕರೆಸಿದೆ. "ಹನ್ನೊಂದು ಮನೆಯಲ್ಲೂ ತಿರುಗಿದ್ದು ಹೇಗೆ ಕೊಂಪಾದ್ರೆ?" ಎಂದು ಕೇಳಿದೆ.

ಅವನು ಟೋಪಿಯ ಅಂಚು ತಿರುವುತ್ತಾ ನಿಂತ. "ಅವ್ನು ಚೀಟಿ ಕಿತ್ಬಿಟ್ಟಿದ್ದ."

"ಯಾರು?"

"ನಾಬೋರ್. ನಾನೇ ಕಿತ್ತೆ, ನಂದೇ ತಪ್ಪು ಅಂದ."

"ಅವನು ಕೀಳಲಿಲ್ಲ. ನಾನು ಕಿತ್ತಿದ್ದು. ಗೋಡೆ ಬದಲಾಯಿಸಿದ್ದೂ ನಾನೇ."

"ಗೊತ್ತು ಕೊಮಾದ್ರೆ. ಆ ರಟ್ಟು ನಂಗೂ ತೋರಿಸಿದ್ರಲ್ಲ ನೀವು. ಅವ್ನು ಸುಳ್ಳು ಹೇಳ್ತಿದಾನೆ ಅಂತ ಗೊತ್ತಿತ್ತು. ಸುಮ್ನಾದೆ."

"ನನಗೆ ಯಾಕೆ ಹೇಳಲಿಲ್ಲ?"

"ನಮ್ಮನೇದು ಕೊನೆಗೆ ಮಾಡ್ತೀನಿ, ಆಮೇಲೆ ನಾನೇ ಹೇಳ್ತೀನಿ ಅಂದಿದ್ದ. ಎಲ್ಲಾ ಸರಿಹೋದ್ಮೇಲೆ ಹೇಳಿದ್ರೆ ನಗ್ತಾಳೆ, ಈಗ ಹೇಳಿದ್ರೆ ಅಳ್ತಾಳೆ ಅಂದ." ಚಾನೊ ಕಿಟಕಿ ಕಡೆ ನೋಡಿದ. "ಈ ಶನಿವಾರ ಬಂದು ನಿಮ್ದು ತಿರುಗಿಸಿ ಕೊಡ್ತೀನಿ. ಐದೇ ಕಿಟಕಿ."

"ಬೇಡ" ಅಂದೆ.

ಅಕ್ಟೋಬರಿನಲ್ಲಿ ಮತ್ತೆ ಕೇಳಿದ. ಬೇಡ ಅಂದೆ. ಮಗಳು ಕೇಳಿದಳು. ಅವಳಿಗೂ ಬೇಡ ಅಂದೆ. ಅವಳು ಅತ್ತಳು. ಒಂದು ತುದಿ ತಾನೂ ಹಿಡಿದಿದ್ದೆ ಎಂದು ಅವಳಿಗೆ ಗೊತ್ತಾಗಿತ್ತು. ಮಕ್ಕಳನ್ನು ಅಂಥ ಕೆಲಸಕ್ಕೆ ಕರೆಯಬಾರದಿತ್ತು.

ನನ್ನ ಮನಸ್ಸಿನಲ್ಲಿದ್ದುದು ಇಷ್ಟೇ. ಹತ್ತು ಮನೆಯವರ ಕಾವು ಅವನು ತೆಗೆದ. ಈ ಮನೆಯ ಕಾವು ನನ್ನದು. ಅಡುಗೆಮನೆ ಕಿಟಕಿಯ ಮುಂದೆ ನಿಂತು ಮುಂದಿನ ಬೇಸಿಗೆಯೂ ಬೇಯಬೇಕು, ಅದರ ಮುಂದಿನದೂ. ರೊಟ್ಟಿ ಬಡಿದ ಕೈ ಇದು.

ಡಿಸೆಂಬರಿನಲ್ಲಿ ಚಾನೊ ಕೇಳದೆ ಬಂದ. ಸಲಕರಣೆ ಪೆಟ್ಟಿಗೆ ಹೊತ್ತು, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು. ಬಾಗಿಲಲ್ಲಿ ನಿಂತ. ಒಳಗೆ ಕರೆದರೂ ಬರಲಿಲ್ಲ.

"ಚಳಿಗಾಲ ಬಂತಲ್ಲ, ಈಗೇನು ಅವಸರ?" ಅಂದೆ.

"ಅದನ್ನೇ ನಾನು ಅವ್ನಿಗೆ ಹೇಳಿದ್ದು" ಅಂದ. "ಅಕ್ಟೋಬರ್ ಬರ್ಲಿ ಅಂದೆ. ಅವ್ನು ಒಬ್ಬನೇ ಹೋದ. ಅವತ್ತು ನಾನು ಮೊಮ್ಮಗಳ ಜೊತೆ ಕುಣೀತಿದ್ದೆ, ಕೊಮಾದ್ರೆ. ಸೊಂಟ ನೋವು ಅಂತ ಕೆಲ್ಸಕ್ಕೆ ಹೋಗ್ದೋನು ಕುಣೀತಿದ್ದೆ." ಪೆಟ್ಟಿಗೆಯನ್ನು ಹೊಸಿಲ ಮೇಲೆ ಇಟ್ಟ. "ನೀವೊಬ್ರೇ ಅಲ್ಲ ಇದ್ರಲ್ಲಿ ಇರೋದು. ನಂಗೂ ಏನಾದ್ರೂ ಮಾಡೋಕೆ ಬಿಡಿ."

ನಾನು ಬಾಗಿಲಿಂದ ಪಕ್ಕಕ್ಕೆ ಸರಿದೆ.

ಮಲಗುವ ಕೋಣೆಯಿಂದ ಶುರುಮಾಡಿದ. ಗಾಜು ಹೊರಗೆ ತೆಗೆದಾಗ ಸೋಪಿನ ತುಂಡಿನಿಂದ ಒಂದು ಮುಖದ ಮೇಲೆ 'ಹೊರಗೆ' ಎಂದು ದೊಡ್ಡದಾಗಿ ನಾನೇ ಬರೆದೆ. ಒಂದು ತುದಿ ನಾನೇ ಹಿಡಿದೆ. ಮೂಗಿನ ತುದಿಗೆ ಬೆವರು ಬಂದರೂ ಒರೆಸಿಕೊಳ್ಳಲು ಕೈ ಬಿಡಲಿಲ್ಲ. ಕೂರಿಸಿದ ಮೇಲೆ ಲೈಟರ್ ಹಿಡಿದೆವು. ಮೂರನೆಯದು. ಮುಂದಿನ ಕೋಣೆ ಎರಡು ಕಿಟಕಿ, ಇರಾಸೇಮಾಳ ಹಳೇ ಕೋಣೆ ಒಂದು. ನಾಲ್ಕಾಯಿತು. ನಡುವೆ ಕಾಫಿ ಮಾಡಿಕೊಟ್ಟೆ. ಅಡುಗೆಮನೆ ಕೊನೆಗೆ ಇಟ್ಟುಕೊಂಡೆವು. ಅದು ದೊಡ್ಡದು.

ಚಾನೊ ಚಾಕು ಹಿಡಿದು ಪಟ್ಟಿಯ ಹತ್ತಿರ ಬಗ್ಗಿದ. ಬಗ್ಗಿದವನು ಹಾಗೇ ನಿಂತ. ಪಟ್ಟಿಯ ಮೇಲೆ ಬೆರಳು ಆಡಿಸಿದ.

"ಲೈಟರ್ ಕೊಡಿ" ಅಂದ.

ಕೊಟ್ಟೆ. ಹೊತ್ತಿಸಿದ. ನಾನು ಅವನ ಭುಜದ ಪಕ್ಕದಿಂದ ನೋಡಿದೆ. ಒಂದು, ಎರಡು. ಮೂರನೆಯದು ನೇರಳೆ.

"ನೀವು ಯಾವಾಗ ಮಾಡಿದ್ದು?" ಅಂದೆ.

"ನಾನಲ್ಲ" ಅಂದ ಚಾನೊ. ಟೇಪಿನ ತುದಿ ಎಬ್ಬಿಸಿ ತೋರಿಸಿದ. "ಹೊಸ ಟೇಪು ಕೊಮಾದ್ರೆ. ಅವ್ನ ಕೈಕೆಲ್ಸ. ಇದೊಂದು ಮಾಡಿದಾನೆ. ಇಷ್ಟು ದೊಡ್ಡ ಗಾಜು ಒಬ್ನೇ ಹೇಗೆ ಎತ್ತಿದ?"

ಚಾನೊ ಸಲಕರಣೆ ಕಟ್ಟಿಕೊಂಡು ಹೋದ. ನಾನು ಆ ಕುರ್ಚಿಯ ಮೇಲೆ ಕೂತೆ. ಒದ್ದೆ ನೆಲ, ಮೈಗೆ ಅಂಟಿದ ಬನಿಯನ್, ಹೇಗಿದೆ ಮುದ್ಕಿ ಅಡುಗೆಮನೆ. ನಮ್ಮನೆಯದು ಕೊನೆಗೆ ಎಂದವನು ರೊಟ್ಟಿ ಬಡಿದ ಕಿಟಕಿಯನ್ನು ಮಾತ್ರ ಮೊದಲೇ ತಿರುಗಿಸಿದ್ದ. ಬಿಸಿ ಇಳಿದಿದೆ ಅಂತ ನಾನೇ ಹೇಳಲಿ ಎಂದು ಕಾದು ಕೂತಿದ್ದ. ನನಗೇ ತಿಳಿಯುತ್ತದೆ, ನಾನೇ ಕೇಳುತ್ತೇನೆ, ಆಗ ನಗುತ್ತಾ ಎಲ್ಲ ಹೇಳಬಹುದು ಎಂದುಕೊಂಡಿದ್ದನೇನೋ.

ಆ ದಿನ ಮೋಡ ಬಂದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಒಲೆ ಕಡೆ ತಿರುಗಿದ್ದೆ. ಹೊರಗೆ ನೋಡಿರಲೇ ಇಲ್ಲ.